ಬರೆಯುವ ಮುನ್ನ ಕೇಳಿ, ಬರೆದ ಮೇಲೆ ತಾಳೆ ನೋಡಿ

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ ನನ್ನ ಮೊಮ್ಮಗಳು ಒಂದು ಭಾನುವಾರ ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ಏನಾಯಿತೆಂದು ಕೇಳಿದರೆ ಕಣ್ಣಲ್ಲಿ ನೀರು.

ನಾಲ್ವರು ಗೆಳತಿಯರು ಸೇರಿ ಒಂದು ಪ್ರಾಜೆಕ್ಟ್ ಮಾಡುತ್ತಿದ್ದರು. ಹಾಸ್ಟೆಲ್ ಮೆಸ್ಸಿನಲ್ಲಿ ದಿನಕ್ಕೆ ಎಷ್ಟು ಜನ ಊಟ ಮಾಡಿದರು, ತಿಂಗಳ ಕೊನೆಗೆ ಯಾರ ಬಿಲ್ ಎಷ್ಟು ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್. ನಾಲ್ವರೂ ತಮ್ಮ ತಮ್ಮ ಪಾಲಿನ ಕೋಡ್ ಬರೆದಿದ್ದರು. ಎಲ್ಲವನ್ನೂ ಒಂದುಗೂಡಿಸಿದಾಗ ಏನೂ ನಡೆಯಲಿಲ್ಲ. ಒಪ್ಪಿಸಲು ಉಳಿದಿದ್ದು ಐದು ವಾರ. ಸಾಲದ್ದಕ್ಕೆ ಒಬ್ಬ ಗೆಳತಿ ಮಾತು ಬಿಟ್ಟಿದ್ದಳು. ಅವಳು ಹತ್ತು ದಿನ ಕುಳಿತು ಬರೆದ ಫೈಲಿನ ಮೇಲೆ ನಮ್ಮವಳು ತನ್ನ ಹಳೆಯ ಫೈಲನ್ನು ಕಾಪಿ ಮಾಡಿಬಿಟ್ಟಿದ್ದಳು. ಆ ಕೆಲಸ ಅಳಿಸಿಹೋಗಿತ್ತು.

"ಇನ್ನಿಬ್ಬರನ್ನ ಸೇರಿಸಿಕೊಂಡ್ರೆ ಬೇಗ ಮುಗಿಯುತ್ತೆ ಅಂತಿದಾರೆ ತಾತ" ಎಂದಳು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಒಂದು ಸಾಲು ಕೋಡ್ ಬರೆದವನಲ್ಲ. ಆದರೆ ಹತ್ತು ಕೈ ಬರೆದ ಲೆಕ್ಕ ಸಂಜೆಗೆ ಒಂದೇ ಮೊತ್ತಕ್ಕೆ ಬಂದು ನಿಲ್ಲಬೇಕಾದರೆ ಏನು ಮಾಡಬೇಕೆಂಬುದು ನನಗೆ ಗೊತ್ತು. ಬ್ಯಾಂಕಿಗೆ ಕಂಪ್ಯೂಟರ್ ಬಂದ ದಿನಗಳನ್ನೂ ಕೌಂಟರಿನ ಒಳಗೆ ನಿಂತು ನೋಡಿದ್ದೇನೆ. ಅಂದು ಅವಳಿಗೆ ಹೇಳಿದ್ದನ್ನೂ, ಈ ವಿಷಯದ ಬಗ್ಗೆ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಪ್ರಾಜೆಕ್ಟಿನ ವರ್ಷದಲ್ಲಿರುವ ಮಕ್ಕಳಿಗೂ ಅವರ ತಂದೆ ತಾಯಿಗೂ ಉಪಯೋಗವಾದೀತು.

ಜನ ಹೆಚ್ಚಿದರೆ ಕೆಲಸ ಹಗುರವೇ?

ಫ್ರೆಡರಿಕ್ ಬ್ರೂಕ್ಸ್ ಎಂಬ ಅಮೆರಿಕದ ವಿಜ್ಞಾನಿ 1960ರ ದಶಕದಲ್ಲಿ ಐಬಿಎಂ ಕಂಪನಿಯ ಓಎಸ್/360 ಎಂಬ ದೊಡ್ಡ ಸಾಫ್ಟ್‌ವೇರ್ ಕೆಲಸದ ಉಸ್ತುವಾರಿ ಹೊತ್ತಿದ್ದರು. ಅದು ಹೇಳಿದ ಸಮಯಕ್ಕೆ ಮುಗಿಯಲಿಲ್ಲ. ಆ ಅನುಭವವನ್ನೆಲ್ಲ ಅವರು 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಪುಸ್ತಕವಾಗಿ ಬರೆದರು. ಅದರ ಮುಖ್ಯ ಮಾತು ಇದು: ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ.

ಮೇಲ್ನೋಟಕ್ಕೆ ವಿಚಿತ್ರ ಎನಿಸುತ್ತದೆ. ಹುರುಳಿಕಾಯಿ ಬಿಡಿಸಲು ನಾಲ್ವರು ಕುಳಿತರೆ ಒಬ್ಬರಿಗಿಂತ ಬೇಗ ಮುಗಿಯುತ್ತದಲ್ಲ? ಹೌದು, ಅಲ್ಲಿ ಒಬ್ಬರ ಕಾಯಿಗೂ ಇನ್ನೊಬ್ಬರ ಕಾಯಿಗೂ ಸಂಬಂಧವಿಲ್ಲ. ಸಾಫ್ಟ್‌ವೇರಿನಲ್ಲಿ ಪ್ರತಿಯೊಬ್ಬರ ಕೆಲಸವೂ ಇನ್ನೊಬ್ಬರದಕ್ಕೆ ಹೊಂದಬೇಕು. ನಾಲ್ವರಿದ್ದರೆ ಇಬ್ಬಿಬ್ಬರ ನಡುವಿನ ಮಾತುಕತೆಯ ದಾರಿಗಳು 6. ಆರು ಮಂದಿಯಾದರೆ 15. ಹತ್ತು ಮಂದಿಗೆ 45. ಹೊಸದಾಗಿ ಬಂದವರಿಗೆ ಮೊದಲಿನಿಂದ ಎಲ್ಲ ಹೇಳಿಕೊಡಬೇಕು. ಹೇಳಿಕೊಡುವವರು ಯಾರು? ಈಗಾಗಲೇ ಕೆಲಸದಲ್ಲಿ ಮುಳುಗಿರುವವರೇ.

ಬ್ಯಾಂಕಿನಲ್ಲಿ ವರ್ಷಾಂತ್ಯದ ಲೆಕ್ಕದ ರಾತ್ರಿ ಬೇರೆ ಶಾಖೆಯಿಂದ ಸಹಾಯಕ್ಕೆ ಬಂದವರಿಗೆ "ಆ ಲೆಡ್ಜರ್ ಎಲ್ಲಿದೆ, ಈ ರಿಜಿಸ್ಟರ್ ಯಾವುದು" ಎಂದು ತೋರಿಸುವುದರಲ್ಲೇ ಅರ್ಧ ರಾತ್ರಿ ಕಳೆಯುತ್ತಿತ್ತು. ಹಾಗಾಗಿ ಮೊಮ್ಮಗಳಿಗೆ ಹೇಳಿದೆ: "ಹೊಸಬರು ಬೇಡ. ಮಾತು ಬಿಟ್ಟವಳನ್ನ ಮೊದಲು ಕರಿ."

ಹತ್ತನೇ ತಾರೀಕಿನ ಪಾಠ

ಹಿಂದೆ ಉಳಿತಾಯ ಖಾತೆಗೆ ಬಡ್ಡಿ ಹಾಕುವ ಕ್ರಮವೇ ಬೇರೆ ಇತ್ತು. ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಪ್ರತಿದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕ ಹಾಕುವುದು ಶುರುವಾದದ್ದು 2010ರ ಏಪ್ರಿಲ್ 1ರಿಂದ.

ನಮ್ಮ ಶಾಖೆಗೆ ಕಂಪ್ಯೂಟರ್ ಬಂದಾಗ ಪ್ರೋಗ್ರಾಂ ಬರೆದ ಹುಡುಗರು ಬುದ್ಧಿವಂತರೇ. ಆದರೆ ಅವರು 'ತಿಂಗಳ ಕಡಿಮೆ ಬಾಕಿ' ಎಂದು ಕೇಳಿಸಿಕೊಂಡು 1ನೇ ತಾರೀಕಿನಿಂದಲೇ ಲೆಕ್ಕ ಹಿಡಿದಿದ್ದರು. 5ನೇ ತಾರೀಕು ಹಣ ಕಟ್ಟಿದ ಗ್ರಾಹಕನಿಗೆ ಆ ಹಣದ ಮೇಲೆ ಆ ತಿಂಗಳ ಬಡ್ಡಿ ತಪ್ಪಿಹೋಗುತ್ತಿತ್ತು. ಒಬ್ಬೊಬ್ಬರಿಗೆ ಕೆಲವೇ ರೂಪಾಯಿ. ಆದರೆ ಶಾಖೆಯ ಎಲ್ಲ ಖಾತೆಗಳದ್ದು ಸೇರಿದರೆ ದೊಡ್ಡ ಮೊತ್ತ. ಅದಕ್ಕಿಂತ ದೊಡ್ಡದು ನಂಬಿಕೆಯ ಪ್ರಶ್ನೆ.

ತಪ್ಪು ಸಿಕ್ಕಿದ್ದು ಹೇಗೆ? ಕಂಪ್ಯೂಟರ್ ಬಂದ ಮೇಲೂ ಆರು ತಿಂಗಳು ನಾವು ಲೆಡ್ಜರ್ ಬರೆಯುವುದನ್ನು ಬಿಟ್ಟಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದಾಗ ವ್ಯತ್ಯಾಸ ಕಂಡಿತು. ಆ ಹುಡುಗರಲ್ಲಿ ಒಬ್ಬ, "ಸರ್, ಇದನ್ನ ಮೊದಲೇ ಹೇಳಬಾರದಿತ್ತೇ?" ಎಂದ. "ನೀವು ಕೇಳಲಿಲ್ಲವಲ್ಲಪ್ಪ" ಎಂದೆ. ಈಗ ಯೋಚಿಸಿದರೆ ತಪ್ಪು ಇಬ್ಬರದೂ. ದಿನವೂ ಕೆಲಸ ಮಾಡುವವನಿಗೆ ಎಲ್ಲವೂ ಗೊತ್ತಿರುತ್ತದೆ, ಅದನ್ನು ಹೇಳಬೇಕು ಎಂದು ಮಾತ್ರ ತೋಚುವುದಿಲ್ಲ. ಕೇಳುವವರು ಕೆದಕಿ ಕೇಳಬೇಕು.

ಮೊಮ್ಮಗಳನ್ನು ಕೇಳಿದೆ: "ಮೆಸ್ಸಿನ ಮ್ಯಾನೇಜರ್ ಹತ್ತಿರ ಎಷ್ಟು ಸಲ ಮಾತಾಡಿದ್ದೀರಿ?" ಉತ್ತರ: ಒಂದೇ ಸಲ, ಹತ್ತು ನಿಮಿಷ.

ನಿನ್ನ ಅಳತೆ, ನನ್ನ ಅಳತೆ

1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿಗೆ ತಲುಪಿ ಕಾಣೆಯಾಯಿತು. ಭೂಮಿಯ ಮೇಲಿದ್ದ ಒಂದು ತಂಡದ ಸಾಫ್ಟ್‌ವೇರ್ ಎಂಜಿನ್ನಿನ ನೂಕುವ ಬಲದ ಲೆಕ್ಕವನ್ನು ಪೌಂಡ್ ಅಳತೆಯಲ್ಲಿ ಕೊಡುತ್ತಿತ್ತು. ಅದನ್ನು ಬಳಸುತ್ತಿದ್ದ ಇನ್ನೊಂದು ತಂಡ ಅದು ನ್ಯೂಟನ್ ಅಳತೆಯಲ್ಲಿದೆ ಎಂದುಕೊಂಡಿತ್ತು. ನೌಕೆ ಇರಬೇಕಾದುದಕ್ಕಿಂತ ಬಹಳ ಕೆಳಗೆ ಇಳಿದುಹೋಯಿತು. ಎರಡೂ ತಂಡದವರಿಗೆ ಗಣಿತ ಬರುತ್ತಿತ್ತು, ನಡುವಿನ ಒಪ್ಪಂದವನ್ನು ಪರೀಕ್ಷಿಸಿದವರು ಇರಲಿಲ್ಲ.

ಅದಕ್ಕೂ ಮೊದಲು, 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡಿನೊಳಗೆ ಚೂರಾಯಿತು. ಅದರಲ್ಲಿದ್ದ ಒಂದು ಸಾಫ್ಟ್‌ವೇರ್ ಭಾಗವನ್ನು ಹಿಂದಿನ ಏರಿಯಾನ್ 4ರಿಂದ ಹಾಗೆಯೇ ತೆಗೆದುಕೊಂಡಿದ್ದರು. ಅದರಲ್ಲಿ ಒಂದು ಸಂಖ್ಯೆಗೆ ಕೊಟ್ಟಿದ್ದ ಜಾಗದಲ್ಲಿ 32,767ಕ್ಕಿಂತ ದೊಡ್ಡದು ಹಿಡಿಸುತ್ತಿರಲಿಲ್ಲ. ಹಳೆಯ ರಾಕೆಟ್ಟಿಗೆ ಅಷ್ಟು ಸಾಕಾಗಿತ್ತು. ಹೊಸದರ ವೇಗ ಹೆಚ್ಚು, ಸಂಖ್ಯೆ ಮಿತಿ ಮೀರಿತು, ದಾರಿ ತೋರಿಸುವ ಕಂಪ್ಯೂಟರ್ ಕೈಕೊಟ್ಟಿತು. ಸೀನಿಯರ್‌ಗಳ ಹಳೆಯ ಕೋಡ್ ತಂದು ಅಂಟಿಸಿಕೊಳ್ಳುವ ಮಕ್ಕಳು ಈ ಕಥೆ ನೆನಪಿಡಬೇಕು. ಅಲ್ಲಿ ಸರಿಯಾಗಿದ್ದದ್ದು ಇಲ್ಲಿಯೂ ಸರಿಯೆಂದು ನಂಬುವಂತಿಲ್ಲ.

ನಮ್ಮ ಹುಡುಗಿಯರ ಗೊಂದಲವೂ ಇದೇ ಜಾತಿಯದು. ಒಬ್ಬಳು ತಾರೀಕನ್ನು ದಿನ-ತಿಂಗಳು ಎಂದು ಬರೆದಿದ್ದಳು, ಇನ್ನೊಬ್ಬಳು ತಿಂಗಳು-ದಿನ ಎಂದು. 03-04 ಎಂದರೆ ಒಬ್ಬಳಿಗೆ ಏಪ್ರಿಲ್ 3, ಇನ್ನೊಬ್ಬಳಿಗೆ ಮಾರ್ಚ್ 4. ಊಟ ಒಂದು ತಿಂಗಳಿನದು, ಬಿಲ್ ಇನ್ನೊಂದು ತಿಂಗಳಿನದು!

ಕೋಡಿಗೆ ಆರನೇ ಒಂದು ಪಾಲು

ಬ್ರೂಕ್ಸ್ ತಮ್ಮ ಪುಸ್ತಕದಲ್ಲಿ ಸಮಯವನ್ನು ಹಂಚುವ ಒಂದು ಲೆಕ್ಕವನ್ನೂ ಕೊಟ್ಟಿದ್ದಾರೆ. ಯೋಚನೆ ಮತ್ತು ಯೋಜನೆಗೆ ಮೂರನೇ ಒಂದು ಪಾಲು. ಕೋಡ್ ಬರೆಯಲು ಆರನೇ ಒಂದು ಪಾಲು. ಬಿಡಿಬಿಡಿ ಭಾಗಗಳ ಪರೀಕ್ಷೆಗೆ ಕಾಲು ಪಾಲು. ಎಲ್ಲ ಸೇರಿಸಿದ ಮೇಲಿನ ಪರೀಕ್ಷೆಗೆ ಇನ್ನೊಂದು ಕಾಲು ಪಾಲು. ಅಂದರೆ ಆರು ತಿಂಗಳ ಪ್ರಾಜೆಕ್ಟಿನಲ್ಲಿ ಎರಡು ತಿಂಗಳು ಕೇಳಿ ತಿಳಿದು ಕಾಗದದ ಮೇಲೆ ಬರೆಯಬೇಕು, ಒಂದು ತಿಂಗಳು ಕೋಡ್, ಉಳಿದ ಮೂರು ತಿಂಗಳು ತಾಳೆ ನೋಡುವುದು. ನಮ್ಮ ಮಕ್ಕಳು ಮೊದಲ ದಿನವೇ ಲ್ಯಾಪ್‌ಟಾಪ್ ತೆರೆಯುತ್ತಾರೆ, ಪರೀಕ್ಷೆಯನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳುತ್ತಾರೆ.

ಬ್ಯಾಂಕಿನಲ್ಲಿ ವೋಚರ್ ಬರೆದವನೇ ಅದನ್ನು ಪಾಸ್ ಮಾಡುವಂತಿರಲಿಲ್ಲ. ಅದು ಅನುಮಾನದಿಂದಲ್ಲ. ತಾನು ಬರೆದ ತಪ್ಪು ತನ್ನ ಕಣ್ಣಿಗೆ ಬೀಳುವುದು ಕಷ್ಟ. ಪ್ರತಿದಿನ ಸಂಜೆ ಡೇ ಬುಕ್ ತಾಳೆಯಾಗದೆ ಯಾರೂ ಮನೆಗೆ ಹೊರಡುತ್ತಿರಲಿಲ್ಲ. ಇಂದಿನ ತಪ್ಪನ್ನು ಇಂದೇ ಹುಡುಕಿದರೆ ಒಂದು ದಿನದ ವೋಚರ್ ನೋಡಿದರೆ ಸಾಕು. ತಿಂಗಳು ಬಿಟ್ಟು ಹುಡುಕಿದರೆ ತಿಂಗಳ ಕಟ್ಟನ್ನೇ ಬಿಚ್ಚಬೇಕು. ಸಾಫ್ಟ್‌ವೇರಿನವರೂ ಬರೆದ ಕೋಡನ್ನು ಇನ್ನೊಬ್ಬರಿಂದ ಓದಿಸುತ್ತಾರೆ, ಎಲ್ಲರ ಕೆಲಸವನ್ನೂ ಆಗಾಗ ಒಂದುಗೂಡಿಸಿ ನೋಡುತ್ತಾರೆ ಎಂದು ತಿಳಿದು ನನಗೆ ಸಂತೋಷವಾಯಿತು.

ಫೈಲು ಅಳಿಸಿಹೋಗದಂತೆ ಕಾಯುವ ಉಪಾಯವೂ ಇದೆ. ಲಿನಕ್ಸ್ ಖ್ಯಾತಿಯ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಮಾಡಿದ 'ಗಿಟ್' ಎಂಬ ಸಾಧನ ಉಚಿತವಾಗಿಯೇ ಸಿಗುತ್ತದೆ. ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ಅದು ಲೆಡ್ಜರಿನಂತೆ ಇಟ್ಟುಕೊಳ್ಳುತ್ತದೆ. ದಾಖಲಾದದ್ದನ್ನು ಮತ್ತೆ ಹಿಂದಕ್ಕೆ ತರಬಹುದು. ನಾಲ್ವರಿಗೂ ಅದು ಗೊತ್ತಿತ್ತು. "ಆಮೇಲೆ ಕಲಿತರಾಯ್ತು" ಎಂದು ಬಿಟ್ಟಿದ್ದರಂತೆ.

ಐದು ವಾರದಲ್ಲಿ ಆದದ್ದು

ಮರುದಿನ ಮೊಮ್ಮಗಳು ಆ ಗೆಳತಿಯ ರೂಮಿಗೆ ಹೋಗಿ ಕ್ಷಮೆ ಕೇಳಿದಳು. ಅವಳು ಕೂಡಲೇ ಒಪ್ಪಲಿಲ್ಲ. ಮೂರು ದಿನ ಬಿಟ್ಟು ಬಂದಳು, ಬಂದವಳು ಮೊದಲು ಮಾಡಿಸಿದ್ದೇ ಗಿಟ್ ವ್ಯವಸ್ಥೆ.

ನಾಲ್ವರೂ ಮ್ಯಾನೇಜರ್ ಬಳಿ ಒಂದು ಮಧ್ಯಾಹ್ನ ಪೂರ್ತಿ ಕುಳಿತರು. ರಜೆಗೆ ಊರಿಗೆ ಹೋದವರಿಗೆ ಬಿಲ್ಲಿನಲ್ಲಿ ಕಡಿತವಿದೆ, ಆದರೆ ಮುಂಚೆ ಬರೆದುಕೊಟ್ಟು ಹೋದವರಿಗೆ ಮಾತ್ರ ಎಂಬುದು ಆಗ ತಿಳಿಯಿತು. ಅವರ ಹತ್ತನೇ ತಾರೀಕು ಅದು! ಮಾಡಬೇಕಾದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಇಲ್ಲದಿದ್ದರೂ ನಡೆಯುವಂಥವನ್ನು ಹೊಡೆದುಹಾಕಿದರು. ಮೊಬೈಲಿಗೆ ಸಂದೇಶ ಕಳಿಸುವುದು, ಬಣ್ಣಬಣ್ಣದ ಚಾರ್ಟು ಎರಡೂ ಹೋದವು. ಪ್ರತಿ ರಾತ್ರಿ ಒಂಬತ್ತಕ್ಕೆ ಎಲ್ಲರ ಕೋಡನ್ನೂ ಸೇರಿಸಿ ಓಡಿಸಿ ನೋಡುವುದು ನಿಯಮವಾಯಿತು.

ಪ್ರಾಜೆಕ್ಟ್ ದಿನಕ್ಕೆ ಸರಿಯಾಗಿ ಮುಗಿಯಿತು. ಚಾರ್ಟಿಲ್ಲವೆಂದು ಪರೀಕ್ಷಕರು ಸ್ವಲ್ಪ ಅಂಕ ಕಳೆದರು. ಮೆಸ್ಸಿನವರು ಮಾತ್ರ ಅದನ್ನು ಬಳಸಿ ನೋಡಲು ಒಪ್ಪಿದರು.

"ಆದ್ರೆ ತಾತ, ಮ್ಯಾನೇಜರ್ ಇನ್ನೂ ತಮ್ಮ ಹಳೇ ಪುಸ್ತಕದಲ್ಲೂ ಬರೀತಿದಾರೆ. ನಮ್ಮ ಮೇಲೆ ನಂಬಿಕೆ ಇಲ್ಲ" ಎಂದು ಮೊಮ್ಮಗಳು ಮುಖ ಊದಿಸಿಕೊಂಡಳು.

"ಬರೀಲಿ ಬಿಡು ಪುಟ್ಟಿ" ಎಂದೆ. "ಎರಡು ತಿಂಗಳು ಎರಡೂ ತಾಳೆಯಾದರೆ ಆ ಪುಸ್ತಕವನ್ನ ಅವರೇ ಮುಚ್ಚುತ್ತಾರೆ."