ಒಂದೇ ಮನೆಗೆ ಎರಡು ಸಲ ಕನ್ನ

ನಗರದಲ್ಲಿ ಬಾಡಿಗೆಯ ಮನೆಯನ್ನು ಅರಸುವವರು ಮೊದಲು ನೀರಿನ ಸೌಕರ್ಯವನ್ನು ವಿಚಾರಿಸುತ್ತಾರೆ, ಆಮೇಲೆ ಗಾಳಿ ಬೆಳಕುಗಳನ್ನು ನೋಡುತ್ತಾರೆ, ಕೊನೆಗೆ ಎದುರುಮನೆಯವರನ್ನು ಮೆಲ್ಲನೆ, "ಇಲ್ಲಿ ಕಳ್ಳರ ಕಾಟವೇನಾದರೂ ಉಂಟೆ?" ಎಂದು ಕೇಳುತ್ತಾರೆ. ಅವರಿಂದ ಬರುವ ಉತ್ತರವು ಬಹುಮಟ್ಟಿಗೆ ಕಳೆದ ವಾರ ಕಿವಿಗೆ ಬಿದ್ದ ಸುದ್ದಿಯನ್ನು ಅವಲಂಬಿಸಿರುತ್ತದೆ. ಇದಕ್ಕಿಂತ ಖಚಿತವಾದ ಉತ್ತರ ಬೇಕಾದರೆ ಎಣಿಸಬೇಕು. ಹಾಗೆ ಎಣಿಸಹೊರಟವರಿಗೆ ಗೋಚರವಾದ ಒಂದು ವಿಚಿತ್ರ ಸಂಗತಿಯನ್ನು ಇಲ್ಲಿ ವಿವರಿಸುತ್ತೇವೆ.

ಒಂದು ಬಡಾವಣೆಯಲ್ಲಿ ಸಾವಿರ ಮನೆಗಳಿವೆಯೆಂದೂ, ವರ್ಷವೊಂದರಲ್ಲಿ ಅಲ್ಲಿ ನೂರು ಕನ್ನಗಳವುಗಳು ನಡೆದುವೆಂದೂ ಭಾವಿಸೋಣ. ಅಲ್ಲಿನ ಅಪರಾಧದ ದರ ಸಾವಿರ ಮನೆಗಳಿಗೆ ನೂರು. ಇದನ್ನು ಓದಿದವರು ಪ್ರತಿ ಹತ್ತು ಮನೆಗಳಲ್ಲಿ ಒಂದಕ್ಕೆ ಕಳ್ಳನು ನುಗ್ಗಿದನೆಂದು ತಿಳಿಯುವುದು ಸಹಜವೇ. ಆದರೆ ದರವು ಹಾಗೆಂದು ಹೇಳುವುದಿಲ್ಲ. ನೂರು ಮನೆಗಳಲ್ಲಿ ಒಂದೊಂದು ಸಲ ಕಳವಾದರೂ ದರ ಅದೇ. ಇಪ್ಪತ್ತೈದು ಮನೆಗಳಲ್ಲಿ ನಾಲ್ಕು ನಾಲ್ಕು ಸಲ ಕಳವಾದರೂ ಅದೇ. ಪೋಲೀಸು ಠಾಣೆಗೆ ದೂರು ಹೋಗದ ಕಳವು ಈ ಲೆಕ್ಕಕ್ಕೆ ಸೇರುವುದೇ ಇಲ್ಲವೆಂಬುದು ಮತ್ತೊಂದು ತೊಡಕು. ಬ್ರಿಟನ್ನಿನಲ್ಲಿ 1982ರಲ್ಲಿ ಜನರನ್ನೇ ನೇರವಾಗಿ ವಿಚಾರಿಸುವ ಅಪರಾಧ ಸಮೀಕ್ಷೆಯನ್ನು ಆರಂಭಿಸಿದುದಕ್ಕೆ ಇದೂ ಒಂದು ಕಾರಣ.

ಕಳ್ಳನು ಕಣ್ಣು ಮುಚ್ಚಿಕೊಂಡು, ಚೀಟಿ ಎತ್ತಿದಂತೆ ಮನೆಗಳನ್ನು ಆರಿಸುತ್ತಾನೆಂದಿಟ್ಟುಕೊಳ್ಳೋಣ. ಆಗ ನೂರು ಕಳವುಗಳು ಸಾವಿರ ಮನೆಗಳಲ್ಲಿ ಹೇಗೆ ಹಂಚಿಹೋಗುವುವು? ಫ್ರಾನ್ಸಿನ ಗಣಿತಜ್ಞ ಪ್ವಾಸಾನನ ಸೂತ್ರ ಇದಕ್ಕೆ ಉತ್ತರ ಕೊಡುತ್ತದೆ. (ಅವನು ಇದನ್ನು 1837ರಲ್ಲಿ ವಿವರಿಸಿದುದು ನ್ಯಾಯಾಲಯಗಳ ತೀರ್ಪಿನ ಸಂಭವನೀಯತೆಯನ್ನು ಕುರಿತ ಗ್ರಂಥದಲ್ಲಿ, ಆದುದರಿಂದ ಕಳ್ಳರ ಲೆಕ್ಕಕ್ಕೆ ಅದು ಪೂರ್ತಿ ಪರಕೀಯವೇನೂ ಅಲ್ಲ.) ಆ ಸೂತ್ರದಂತೆ ಸುಮಾರು 905 ಮನೆಗಳಿಗೆ ಯಾವ ಬಾಧೆಯೂ ಇಲ್ಲ, 90 ಮನೆಗಳಲ್ಲಿ ಒಂದು ಸಲ ಕಳವು, ಒಂದಕ್ಕಿಂತ ಹೆಚ್ಚು ಸಲ ಕಳವಾಗುವುದು ಐದೇ ಮನೆಗಳಲ್ಲಿ. ನಿಜವಾದ ಬಡಾವಣೆಯಲ್ಲಿ ಈ ಕೊನೆಯ ಸಂಖ್ಯೆ ಹೆಚ್ಚಾಗಿ ಕಂಡುಬಂದರೆ, ಕಳ್ಳನು ಕಣ್ಣು ತೆರೆದುಕೊಂಡೇ ಆರಿಸುತ್ತಿದ್ದಾನೆಂದು ಊಹಿಸಬೇಕಾಗುತ್ತದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಕ್ಕೆ ಉತ್ತರದಲ್ಲಿ, ಹತ್ತಿ ಗಿರಣಿಗಳಿಂದ ಹಿಂದೆ ಹೆಸರಾಗಿದ್ದ ರಾಚ್‌ಡೇಲ್ ಎಂಬ ಪಟ್ಟಣವಿದೆ. ಅದರ ಒಂದು ಬಡಾವಣೆ ಕರ್ಕ್‌ಹೋಲ್ಟ್. ಸ್ಥಳೀಯ ಆಡಳಿತವು ಬಾಡಿಗೆಗೆ ಕೊಟ್ಟಿದ್ದ 2,280 ಮನೆಗಳು. ವಾಸವಾಗಿದ್ದವರು ಬಹುಮಟ್ಟಿಗೆ ಬಡವರು. 1980ರ ದಶಕದ ನಡುವಿನಲ್ಲಿ ಅಲ್ಲಿ ಒಂದೇ ವರ್ಷದಲ್ಲಿ 526 ಕನ್ನಗಳವುಗಳು ನಡೆದಿದ್ದುವು. ಮನಶ್ಶಾಸ್ತ್ರಜ್ಞ ಕೆನ್ ಪೀಸ್ ಮತ್ತು ಅವರ ಸಂಗಡಿಗರು ಪೋಲೀಸರೊಡನೆ ಸೇರಿ ಅಲ್ಲಿ ಕೆಲಸಕ್ಕಿಳಿದಾಗ ಮೊದಲು ಮಾಡಿದುದು ಗಸ್ತನ್ನು ಹೆಚ್ಚಿಸುವುದನ್ನಲ್ಲ, ವಿಚಾರಿಸುವುದನ್ನು. ಕಳವಾದ ಮನೆಯವರನ್ನು ಕೇಳಿದರು. ಅವರ ನೆರೆಯವರನ್ನು ಕೇಳಿದರು. ಸಿಕ್ಕಿಬಿದ್ದಿದ್ದ ಕಳ್ಳರನ್ನೂ ಕೇಳಿದರು.

ಎರಡು ಸಂಗತಿಗಳು ಹೊರಬಿದ್ದುವು. ಒಮ್ಮೆ ಕಳವಾದ ಮನೆಗೆ ಮತ್ತೆ ಕನ್ನ ಬೀಳುವ ಸಂಭವ ಉಳಿದ ಮನೆಗಳಿಗಿಂತ ನಾಲ್ಕು ಪಟ್ಟು ಹೆಚ್ಚಾಗಿತ್ತು. ಇದು ಮೊದಲನೆಯದು. ಎರಡನೆಯದು ಇನ್ನೂ ಕುತೂಹಲಕರ. ಅಲ್ಲಿನ ಎಷ್ಟೋ ಮನೆಗಳಲ್ಲಿ ವಿದ್ಯುತ್ತಿಗೂ ಅನಿಲಕ್ಕೂ ನಾಣ್ಯ ಹಾಕಿ ನಡೆಸುವ ಮೀಟರುಗಳಿದ್ದುವು. ತಿಂಗಳ ಬಿಲ್ಲನ್ನು ಒಟ್ಟಿಗೆ ತೆರಲಾರದವರಿಗೆ ಅದೊಂದು ಅನುಕೂಲ. ಕಳ್ಳನಿಗಾದರೋ ಅದು ಗೋಡೆಗೆ ತೂಗುಹಾಕಿದ ಹುಂಡಿಯಾಗಿತ್ತು. ಗಡಿಯಾರವನ್ನೋ ರೇಡಿಯೋವನ್ನೋ ಕದ್ದರೆ ಮಾರಬೇಕು, ಗುರುತು ಹತ್ತುವ ಭಯವುಂಟು. ನಾಣ್ಯಕ್ಕೆ ಯಾವ ಗುರುತು? ಅಲ್ಲಿನ ಕಳವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮೀಟರಿನ ಹಣ ಹೋಗಿತ್ತು. ಹುಂಡಿ ಮತ್ತೆ ತುಂಬುತ್ತಲೇ ಇರುವುದರಿಂದ ಮತ್ತೆ ಬರುವುದಕ್ಕೂ ಕಾರಣವಿತ್ತು.

ಆದುದರಿಂದ ಇಡೀ ಬಡಾವಣೆಯನ್ನು ಕಾಯುವ ಬದಲು ಕಳವಾದ ಮನೆಗಳನ್ನೇ ಕಾಯಲು ನಿಶ್ಚಯಿಸಲಾಯಿತು. ನಾಣ್ಯದ ಮೀಟರುಗಳನ್ನು ತೆಗೆಸಿದರು. ಕಳ್ಳನು ನುಗ್ಗಿದ್ದ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿದರು. ಅಕ್ಕಪಕ್ಕ ಹಾಗೂ ಎದುರಿನ ಐದಾರು ಮನೆಯವರನ್ನು ಕಂಡು, ಆ ಒಂದು ಮನೆಯ ಮೇಲೆ ಕಣ್ಣಿಟ್ಟಿರುವಂತೆ ಕೇಳಿಕೊಂಡರು. ಈ ಏರ್ಪಾಟಿಗೆ ರೇಷ್ಮೆಗೂಡಿನ ಹೆಸರನ್ನೇ ಇಟ್ಟರು. ಹುಳುವಿನ ಸುತ್ತಲೂ ಎಳೆ ಸುತ್ತಿಕೊಂಡಿರುವಂತೆ ಆ ಮನೆಯ ಸುತ್ತ ನೆರೆಹೊರೆ. ಏಳು ತಿಂಗಳೊಳಗೆ ಮರುಕಳವು ಸೊನ್ನೆಗೆ ಇಳಿಯಿತು. ವರ್ಷಕ್ಕೆ 526 ಇದ್ದ ಒಟ್ಟು ಸಂಖ್ಯೆ ಮೊದಲ ವರ್ಷದಲ್ಲಿ 223, ಮೂರನೆಯ ವರ್ಷದಲ್ಲಿ 132 ಆಯಿತು. ಕಳ್ಳರು ಪಕ್ಕದ ಬಡಾವಣೆಗಳಿಗೆ ಹೋದರೇ ಎಂದು ಹುಡುಕಿದಾಗ ಅದರ ಕುರುಹು ಕಾಣಲಿಲ್ಲ. ಹಲವು ಉಪಾಯಗಳನ್ನು ಒಟ್ಟಿಗೆ ಹೂಡಿದುದರಿಂದ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲಾಗದು. ಪ್ರಯೋಗದ ದೃಷ್ಟಿಯಿಂದ ಇದು ನ್ಯೂನತೆಯೇ ಸರಿ. ಆದರೆ ಕನ್ನದ ಭಯದಲ್ಲಿ ಮಲಗುತ್ತಿದ್ದವರ ಮುಂದೆ ಈ ಆಕ್ಷೇಪಣೆಯನ್ನೆತ್ತಲು ನಮಗೆ ಮನಸ್ಸು ಬಾರದು.

ಮರುಕಳವು ಯಾವಾಗ ಬರುತ್ತದೆ? ಕೆನಡಾದ ಸ್ಯಾಸ್ಕಟೂನ್ ನಗರದ ಪೋಲೀಸು ದಾಖಲೆಗಳನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಳವಾದ ಮೊದಲ ತಿಂಗಳಲ್ಲಿ ಮತ್ತೆ ಕಳವಾಗುವ ಸಂಭವ ನಿರೀಕ್ಷೆಗಿಂತ ಹನ್ನೆರಡು ಪಟ್ಟಿಗೂ ಮಿಗಿಲು. ದಿನ ಕಳೆದಂತೆ ಅದು ಇಳಿಯುತ್ತದೆ. ಇದಕ್ಕೆ ಎರಡು ವಿವರಣೆಗಳುಂಟು. ಆ ಮನೆಯೇ ಮೊದಲಿಂದಲೂ ಸುಲಭವಾದ ತುತ್ತಾಗಿರಬಹುದು: ಸಡಿಲವಾದ ಅಗುಳಿ, ಕತ್ತಲೆಯ ಹಿತ್ತಲು. ಇಲ್ಲವೆ, ಮೊದಲನೆಯ ಕಳವೇ ಎರಡನೆಯದಕ್ಕೆ ದಾರಿ ಮಾಡಿರಬಹುದು. ಒಳಹೊಕ್ಕವನಿಗೆ ಕೋಣೆಗಳ ಪರಿಚಯವಾಗಿದೆ, ಹೊರಲಾರದೆ ಬಿಟ್ಟುಬಂದ ವಸ್ತುಗಳ ನೆನಪಿದೆ. ಮನೆಯ ದೋಷವೊಂದೇ ಕಾರಣವಾಗಿದ್ದರೆ ಅಪಾಯವು ವರ್ಷವಿಡೀ ಸಮನಾಗಿರಬೇಕಿತ್ತು. ಅದು ಬೇಗನೆ ಕುಗ್ಗುವುದನ್ನು ನೋಡಿದರೆ ಎರಡನೆಯ ವಿವರಣೆಗೂ ಬಲವುಂಟೆಂದು ನಮಗೆ ತೋರುತ್ತದೆ.

ಅಪಾಯವು ಒಂದೇ ಮನೆಗೆ ನಿಲ್ಲುವುದೂ ಇಲ್ಲ. ಸಾಂಕ್ರಾಮಿಕ ರೋಗಗಳನ್ನು ಕುರಿತು ವೈದ್ಯರು ಕೇಳುವ ಪ್ರಶ್ನೆಯನ್ನೇ ಕಳವಿಗೂ ಹಾಕಿದವರು ಕೇಟ್ ಬವರ್ಸ್ ಮತ್ತು ಶೇನ್ ಜಾನ್‌ಸನ್. 1964ರಲ್ಲಿ ನಾಕ್ಸ್ ಎಂಬ ವಿಜ್ಞಾನಿ ಮಕ್ಕಳ ರಕ್ತದ ಕ್ಯಾನ್ಸರು ಸ್ಥಳ ಕಾಲಗಳೆರಡರಲ್ಲಿಯೂ ಗುಂಪುಗೂಡುವುದೇ ಎಂಬುದನ್ನರಿಯಲು ಒಂದು ಗಣಿತ ಪರೀಕ್ಷೆಯನ್ನು ರಚಿಸಿದ್ದನು. ಅದೇ ಬಗೆಯ ಪರೀಕ್ಷೆಯನ್ನು ಇವರು ಲಿವರ್‌ಪೂಲಿನ ಸುತ್ತಣ ಮರ್ಸಿಸೈಡ್ ಪ್ರಾಂತದ ಕಳವುಗಳಿಗೆ ಅನ್ವಯಿಸಿದರು. ಒಂದು ಮನೆಗೆ ಕನ್ನ ಬಿದ್ದರೆ ಸುಮಾರು 400 ಮೀಟರುಗಳೊಳಗಿನ ಮನೆಗಳಿಗೆ ಒಂದೆರಡು ತಿಂಗಳ ಕಾಲ ಅಪಾಯ ಹೆಚ್ಚುವುದೆಂದು ಕಂಡುಬಂತು. ಬೀದಿಯ ಅದೇ ಸಾಲಿನ ಪಕ್ಕದ ಮನೆಗಳಿಗೆ ಹೆಚ್ಚು, ಎದುರು ಸಾಲಿಗೆ ಕಡಮೆ. ಮತ್ತೊಂದು ಭೇದವೂ ಹೊರಬಿತ್ತು. ಅನುಕೂಲಸ್ಥರ ಬಡಾವಣೆಗಳಲ್ಲಿ ಮುಂದಿನ ಕಳವು ನೆರೆಮನೆಗೆ ಹರಡುವುದು ವಿಶೇಷವಾಗಿ ಕಂಡಿತು. ಬಡವರ ಬಡಾವಣೆಗಳಲ್ಲಿ ಅದು ಬಹುತೇಕ ಅದೇ ಮನೆಗೆ ಮರಳಿ ಬರುತ್ತಿತ್ತು.