ಪಕ್ಕದ ಮನೆಯ ನಾಯಿ ರಾತ್ರಿಯೆಲ್ಲ ಬೊಗಳಿದರೆ...

'ನಾಯಿ ಬೊಗಳಿದರೆ ದೇವಲೋಕ ಹಾಳೇ?' ಎಂಬ ಗಾದೆ ಎಲ್ಲರಿಗೂ ಗೊತ್ತು. ದೇವಲೋಕ ಹಾಳಾಗದಿರಬಹುದು. ಆದರೆ ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಓದುತ್ತಿರುವ ಮಕ್ಕಳ ನಿದ್ದೆ ಹಾಳಾಗುವುದಂತೂ ನಿಜ. ಹನ್ನೊಂದಕ್ಕೆ ಪುಸ್ತಕ ಮುಚ್ಚಿ ಮಲಗಿದ ಹುಡುಗಿಗೆ ಒಂದೂವರೆಗೆ ಎಚ್ಚರ. ಮೂರು ಗಂಟೆಗೆ ಮತ್ತೆ ಎಚ್ಚರ. ಬೆಳಿಗ್ಗೆ ಕಣ್ಣು ಕೆಂಪು, ತಲೆ ಭಾರ. ಅಪ್ಪನಿಗೆ ಸಿಟ್ಟು, ಅಮ್ಮನಿಗೆ ಚಿಂತೆ. ಪಕ್ಕದ ಮನೆಯವರನ್ನು ಕೇಳಿದರೆ, "ಹೌದೇ? ನಮಗೆ ಕೇಳಿಸಲೇ ಇಲ್ಲವಲ್ಲ!" ಎನ್ನುತ್ತಾರೆ.

ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ಭಾವಿಸಬೇಕಾಗಿಲ್ಲ. ನಿದ್ದೆಯಲ್ಲೂ ಕಿವಿ ಕೆಲಸ ಮಾಡುತ್ತಲೇ ಇರುತ್ತದೆ. ಕೇಳಿದ್ದರಲ್ಲಿ ಯಾವುದಕ್ಕೆ ಎಚ್ಚರಗೊಳ್ಳಬೇಕು ಎಂಬುದನ್ನು ಮಿದುಳು ಆರಿಸಿಕೊಳ್ಳುತ್ತದೆ. ರೈಲು ನಿಲ್ದಾಣದ ಬಳಿ ಇರುವವರು ರೈಲಿನ ಸದ್ದಿನಲ್ಲೇ ಮಲಗುವುದಿಲ್ಲವೇ? ನಾಯಿ ಸಾಕಿದವರಿಗೆ ಅದರ ಬೊಗಳು ಪರಿಚಿತ. 'ಮನೆಗೆ ಕಾವಲಿದೆ' ಎಂಬ ಸಮಾಧಾನವೂ ಅದರಲ್ಲಿದೆ. ನೆರೆಯವರಿಗೆ ಅದೇ ಸದ್ದು ಅಪಾಯದ ಕೂಗು. ಹೀಗಾಗಿ ಜಗಳಕ್ಕಿಂತ ಮೊದಲು ಬೇಕಾದುದು ಸಾಕ್ಷ್ಯ.

ರಾತ್ರಿಯೇ ಏಕೆ ಅಷ್ಟು ಜೋರು?

ಶಬ್ದದ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಮೀಟರ್ ದೂರದಲ್ಲಿ ನಾಯಿಯ ಬೊಗಳು 90 ಡೆಸಿಬೆಲ್ ಇದೆ ಎಂದಿಟ್ಟುಕೊಳ್ಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಕಡಿಮೆಯಾಗುತ್ತದೆ. ಆ ಲೆಕ್ಕದಲ್ಲಿ 10 ಮೀಟರ್ ಆಚೆಗೆ 70 ಉಳಿಯುತ್ತದೆ. ಹಗಲಿನಲ್ಲಿ ಬಸ್ಸು, ಆಟೊ, ಮಿಕ್ಸಿ, ಟಿ.ವಿ.ಗಳ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ನಡುರಾತ್ರಿ ಬೀದಿಯ ಸದ್ದು 40ಕ್ಕೆ ಇಳಿದಿದ್ದರೆ ಅಂತರ 30 ಡೆಸಿಬೆಲ್. ಅಂದರೆ ತೀವ್ರತೆಯಲ್ಲಿ ಸಾವಿರ ಪಟ್ಟು!

ಇನ್ನೊಂದು ಕಾರಣವೂ ಉಂಟು. ಗಾಳಿ ಬೀಸದ, ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಬಳಿಯ ಗಾಳಿ ತಂಪು, ಮೇಲಿನದು ಬೆಚ್ಚಗೆ. ಬೆಚ್ಚಗಿನ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಆದ್ದರಿಂದ ಮೇಲೇರುವ ಶಬ್ದದ ಅಲೆ ಬಾಗಿ ಮತ್ತೆ ನೆಲದತ್ತ ಬರುತ್ತದೆ. ದೂರದ ದೇವಸ್ಥಾನದ ಗಂಟೆ, ಮೂರನೆಯ ಬೀದಿಯ ನಾಯಿ ರಾತ್ರಿ ಹತ್ತಿರವೇ ಇದ್ದಂತೆ ಕೇಳಿಸುವುದು ಇದರಿಂದಲೇ.

ಫ್ಯಾನಿನ ಸದ್ದು ಒಂದೇ ಸಮನಾಗಿರುವುದರಿಂದ ಮಿದುಳು ಅದನ್ನು ಬೇಗ ಮರೆಯುತ್ತದೆ. ಬೊಗಳು ಹಾಗಲ್ಲ, ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. 'ಇನ್ನು ಯಾವಾಗ ಬೊಗಳುತ್ತದೋ' ಎಂದು ಕಾಯುವುದರಲ್ಲೇ ಅರ್ಧ ನಿದ್ದೆ ಹೋಗುತ್ತದೆ.

ಒಂದು ವಾರದ ದಾಖಲೆ

ನಾಯಿ ಸುಮ್ಮನೆ ಬೊಗಳುವುದಿಲ್ಲ. ಅದರ ಪೂರ್ವಜನಾದ ತೋಳ ಬೆಳೆದ ಮೇಲೆ ಬೊಗಳುವುದು ಅಪರೂಪ. ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿದ ನಾಯಿಗೆ ಬೊಗಳುವುದು ದೊಡ್ಡ ಗುಣವಾಗಿ ಬೆಳೆದಿದೆ. ಮನುಷ್ಯನ ಕಿವಿಗೆ 20,000 ಹರ್ಟ್ಸ್ ಆವೃತ್ತಿಯವರೆಗಿನ ಶಬ್ದ ಮಾತ್ರ ಕೇಳಿಸಿದರೆ, ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ನಮಗೆ ನಿಶ್ಶಬ್ದವಾಗಿ ತೋರುವ ರಾತ್ರಿಯಲ್ಲಿ ಅದಕ್ಕೆ ಇಲಿಯ ಚೀರಾಟವೂ ಕೇಳಿಸುತ್ತಿರಬಹುದು.

ಕಾರಣವನ್ನು ಪತ್ತೆ ಮಾಡುವ ಕೆಲಸವನ್ನು ಮನೆಯವರೇ ಮಾಡಬಹುದು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಬೊಗಳು ಶುರುವಾದ ಸಮಯ, ಎಷ್ಟು ಹೊತ್ತು, ಆಗ ಬೀದಿಯಲ್ಲಿ ಏನಾಗುತ್ತಿತ್ತು. ಏಳು ರಾತ್ರಿ ಬರೆಯಿರಿ. ಪರೀಕ್ಷೆ ಬರೆಯುವ ಮಗುವಿಗೆ ಈ ಕೆಲಸ ಬೇಡ, ದೊಡ್ಡವರು ವಹಿಸಿಕೊಳ್ಳಲಿ.

ವಾರದ ಕೊನೆಗೆ ಒಂದು ಕ್ರಮ ಕಾಣಬಹುದು. ದಿನವೂ ಒಂದೂವರೆಗೆ ಗೂರ್ಖನ ಸೀಟಿ, ಅದರ ಹಿಂದೆಯೇ ಬೊಗಳು. ನಾಲ್ಕೂವರೆಗೆ ಹಾಲಿನ ಗಾಡಿ. ಸೀಟಿಯ ಹಿಂದೆ ಅಪರಿಚಿತನೊಬ್ಬ ಗೇಟಿನ ಮುಂದೆ ಹಾದುಹೋಗುತ್ತಾನೆ ಎಂದು ನಾಯಿ ಕಲಿತಿರುತ್ತದೆ. ರಷ್ಯದ ವಿಜ್ಞಾನಿ ಇವಾನ್ ಪಾವ್ಲೊವ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದು ಇಂಥ ಕಲಿಕೆಯನ್ನೇ. ಊಟದ ಸೂಚನೆ ಸಿಕ್ಕರೆ ಸಾಕು, ಊಟ ಬರುವ ಮೊದಲೇ ಅವುಗಳ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು.

ಬೊಗಳಿದಾಗ ಬಿಸ್ಕತ್ತು ಎಸೆದು ಸುಮ್ಮನಿರಿಸುವವರೂ ಇದ್ದಾರೆ. ಇದಕ್ಕಿಂತ ದೊಡ್ಡ ತಪ್ಪಿಲ್ಲ. 'ಬೊಗಳಿದರೆ ಬಿಸ್ಕತ್ತು' ಎಂದು ನಾಯಿ ಕಲಿಯುತ್ತದೆ. ಒಮ್ಮೆ ಕೊಟ್ಟು ಒಮ್ಮೆ ಕೊಡದಿದ್ದರಂತೂ ಆ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ. ಕಿಟಕಿಯಿಂದ ಗದರಿದರೂ ಫಲವಿಲ್ಲ. ನಾಯಿಯ ಪಾಲಿಗೆ ಅದು ಇನ್ನೊಬ್ಬರು ಜೊತೆಗೂಡಿ ಬೊಗಳಿದಂತೆ!

ಕಾರಣ ತಿಳಿದರೆ ಅರ್ಧ ಪರಿಹಾರ

ಗೇಟಿನ ಸಂದಿಯಿಂದ ಬೀದಿ ಕಂಡು ಬೊಗಳುವ ನಾಯಿಗೆ ಗೇಟಿನ ಒಳಬದಿಗೆ ತಗಡು ಇಲ್ಲವೇ ಶೀಟು ಹೊದಿಸಿ ಮರೆ ಮಾಡಿದರೆ ಸಾಕಾಗಬಹುದು. ರಾತ್ರಿ ಅದನ್ನು ಹಿತ್ತಿಲಿಗೋ ಮನೆಯೊಳಕ್ಕೋ ಸೇರಿಸಿದರೆ ಇನ್ನೂ ಒಳ್ಳೆಯದು. ಹಗಲೆಲ್ಲ ಕಟ್ಟಿಹಾಕಿದ ನಾಯಿ ದಣಿದಿರುವುದಿಲ್ಲ. ಸಂಜೆ ಅರ್ಧ ಗಂಟೆ ಸುತ್ತಾಡಿಸಿದರೆ ರಾತ್ರಿ ಮಲಗುತ್ತದೆ. ಮಲಗುವ ಮುನ್ನ ಒಮ್ಮೆ ಮೂತ್ರಕ್ಕೆ ಬಿಡುವುದು, ಕುಡಿಯಲು ನೀರು, ಚಳಿಗೆ ಗೋಣಿಚೀಲ ಇವು ಖರ್ಚಿಲ್ಲದ ಉಪಾಯಗಳು. ಮುದಿ ನಾಯಿ ಕಾರಣವಿಲ್ಲದೆ ರಾತ್ರಿ ಕೂಗತೊಡಗಿದರೆ ಅದು ನೋವಿನಿಂದಲೋ ಮಿದುಳಿನ ಸವೆತದಿಂದಲೋ ಆಗಿರಬಹುದು. ಆಗ ಪಶುವೈದ್ಯರಿಗೆ ತೋರಿಸಬೇಕು.

ಇವೆಲ್ಲವನ್ನೂ ಮಾಡಬೇಕಾದವರು ನಾಯಿಯ ಯಜಮಾನರು. ಅವರಿಗೆ ಹೇಳುವ ರೀತಿಯಲ್ಲೇ ಎಲ್ಲವೂ ಇದೆ.

ಮಾತು ಹಗಲಿನಲ್ಲಿರಲಿ

ರಾತ್ರಿ ಎರಡು ಗಂಟೆಗೆ ಕಾಂಪೌಂಡಿನ ಬಳಿ ನಿಂತು ಆಡಿದ ಮಾತು ಜಗಳವೇ ಆಗುತ್ತದೆ. ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಹೋಗುವುದು ಲೇಸು. ನಾಯಿಯನ್ನು ಬೈಯುತ್ತ ಮಾತು ಆರಂಭಿಸಬಾರದು. ಸಾಕಿದವರಿಗೆ ಅದು ಮನೆಯ ಮಗು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಾಡುಹಂದಿಯೊಡನೆ ಹೋರಾಡಿ ಮಡಿದ 'ಕಾಳಿ' ಎಂಬ ನಾಯಿಯ ನೆನಪಿಗೆ ಹತ್ತನೆಯ ಶತಮಾನದಲ್ಲೇ ಕಲ್ಲು ನಿಲ್ಲಿಸಿದ ನಾಡು ಇದು.

"ಸಾರ್, ನಿಮ್ಮ ಟೈಗರ್ ಒಳ್ಳೇ ಕಾವಲುಗಾರ. ಆದ್ರೆ ಗೂರ್ಖ ಸೀಟಿ ಊದಿದಾಗೆಲ್ಲ ಅರ್ಧ ಗಂಟೆ ಬೊಗಳ್ತಾನೆ. ಬರೆದಿಟ್ಟಿದೀವಿ, ನೋಡಿ. ಮಗಳಿಗೆ ಮುಂದಿನ ತಿಂಗಳು ಪರೀಕ್ಷೆ. ರಾತ್ರಿ ಹೊತ್ತು ಅವನನ್ನ ಹಿತ್ತಲ ಕಡೆ ಇಟ್ಕೊಳ್ಳೋಕೆ ಆಗುತ್ತಾ?" ಹೀಗೆ ನಿರ್ದಿಷ್ಟವಾಗಿ ಒಂದೇ ಒಂದು ಕೋರಿಕೆ ಇಟ್ಟರೆ ಎದುರಿನವರಿಗೂ ಒಪ್ಪುವುದು ಸುಲಭ. 'ನಿಮ್ಮ ನಾಯಿಯಿಂದ ಊರಿಗೇ ನಿದ್ದೆ ಇಲ್ಲ' ಎಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಅಲ್ಲಿಯವರೆಗೆ ಕೋಣೆಯೊಳಗೆ

ಅಭ್ಯಾಸ ಬಿಡಲು ನಾಯಿಗೂ ಕೆಲವು ವಾರ ಬೇಕು. ಅಲ್ಲಿಯವರೆಗೆ ಮಗುವಿನ ಹಾಸಿಗೆಯನ್ನು ನಾಯಿಯಿಂದ ದೂರದ ಕೋಣೆಗೆ ಬದಲಾಯಿಸಿ. ಶಬ್ದ ಬರುವುದು ಮುಖ್ಯವಾಗಿ ಕಿಟಕಿ, ಬಾಗಿಲುಗಳ ಸಂದಿಯಿಂದ, ಇಟ್ಟಿಗೆ ಗೋಡೆಯಿಂದಲ್ಲ. ಕಿಟಕಿಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಉಳಿದ ಭಾಗ ಎಷ್ಟೇ ಗಟ್ಟಿಯಾಗಿರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾಗದು. ಆ ಬದಿಯ ಕಿಟಕಿಯ ಸಂದಿಗಳಿಗೆ ರಬ್ಬರ್ ಪಟ್ಟಿ ಅಂಟಿಸಿ, ಗಾಳಿಗೆ ಇನ್ನೊಂದು ಬದಿಯ ಕಿಟಕಿ ತೆರೆದಿಡಿ. ದಪ್ಪ ಪರದೆ ಕೋಣೆಯ ಪ್ರತಿಧ್ವನಿಯನ್ನು ತಗ್ಗಿಸುತ್ತದೆಯೇ ಹೊರತು ಹೊರಗಿನ ಶಬ್ದವನ್ನು ಅಷ್ಟಾಗಿ ತಡೆಯದು. ಫ್ಯಾನಿನ ಸದ್ದು ಮಾತ್ರ ದೂರದ ಬೊಗಳನ್ನು ಎಷ್ಟೋ ಮರೆಸುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನಂಥ ಕಿವಿಬಿರಡೆ ಹತ್ತಿಗಿಂತ ಬಹಳ ಮೇಲು.

ಎಚ್ಚರವಾದಾಗ ಗಡಿಯಾರವನ್ನೂ ಮೊಬೈಲನ್ನೂ ನೋಡಬಾರದು. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೆ ನಿದ್ದೆ ಬೇಕು, ನಿಜ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ಬೇಕು. ಆದರೆ ಒಂದು ರಾತ್ರಿ ನಿದ್ದೆಗೆಟ್ಟಿತೆಂದು ವರ್ಷವಿಡೀ ಓದಿದ್ದು ಅಳಿಸಿಹೋಗುವುದಿಲ್ಲ. ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಿದರೆ ಆಯಾಸ ಬಹಳ ಮಟ್ಟಿಗೆ ಇಳಿಯುತ್ತದೆ.

ಮಾತಿಗೆ ಬಗ್ಗದಿದ್ದರೆ

ಶಬ್ದ ಮಾಲಿನ್ಯ ನಿಯಂತ್ರಣಕ್ಕಾಗಿ 2000ದಲ್ಲಿ ಬಂದ ಕೇಂದ್ರದ ನಿಯಮಗಳಲ್ಲಿ ವಾಸದ ಬಡಾವಣೆಗಳಿಗೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇದೆ. ಇದು ಸರಾಸರಿ ಮಟ್ಟ. ಒಂದೊಂದು ಬೊಗಳಿನ ಲೆಕ್ಕವಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದೂ ಅಪರಾಧ. ಮೊದಲು ಲಿಖಿತ ಮನವಿ, ಅನಂತರ ಬಡಾವಣೆಯ ನಿವಾಸಿಗಳ ಸಂಘ, ಕೊನೆಗೆ ನಗರಪಾಲಿಕೆ ಮತ್ತು ಪೊಲೀಸ್ ಠಾಣೆ. ಈ ಕ್ರಮ ತಪ್ಪದಿರಲಿ. ಏಳು ರಾತ್ರಿಯ ಆ ನೋಟ್‌ಬುಕ್ ಎಲ್ಲ ಕಡೆಯೂ ಉಪಯೋಗಕ್ಕೆ ಬರುತ್ತದೆ.

ಕಲ್ಲು, ಪಟಾಕಿ, ವಿಷ ಇವುಗಳ ಯೋಚನೆಯೂ ಬೇಡ. ಪ್ರಾಣಿಯನ್ನು ಕೊಂದವರಿಗೆ, ಊನಗೊಳಿಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಲ್ಲಿ ಐದು ವರ್ಷಗಳವರೆಗೆ ಸೆರೆವಾಸವಿದೆ. ಅದಕ್ಕಿಂತ ಮುಖ್ಯವಾಗಿ, ದೊಡ್ಡವರು ನೆರೆಯವರೊಡನೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಮಕ್ಕಳು ನೋಡುತ್ತಿರುತ್ತಾರೆ. ಪರೀಕ್ಷೆ ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ; ಪಕ್ಕದ ಮನೆಯವರೊಂದಿಗಿನ ಬಾಳ್ವೆ ಅದರಾಚೆಗೂ ಇರುತ್ತದೆ.