‘ಕೊನೆಯ ಸೂಚನೆ’ ಎಂಬ ಪತ್ರವನ್ನು ಓದುವ ಬಗೆ

ವಾರ್ಷಿಕ ಸಂಚಿಕೆಗೆ ಲೇಖನ ಕೊಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದಾಗ, ಎಂದಿನಂತೆ ಯಾವನಾದರೊಬ್ಬ ಕವಿಯ ವಿಷಯವಾಗಿ ನಾಲ್ಕು ಪುಟ ಬರೆದುಕೊಡಬಹುದಾಗಿತ್ತು. ಈ ವರ್ಷ ಹಾಗೆ ಮಾಡಲು ಮನಸ್ಸಾಗಲಿಲ್ಲ. ನಮ್ಮ ವಿದ್ಯಾರ್ಥಿನಿಯೊಬ್ಬಳ ಮನೆಗೆ ಬಂದ ಒಂದು ಪತ್ರದ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆ ಮನೆಯವರ ಒಪ್ಪಿಗೆ ಪಡೆದಿದ್ದೇನೆ, ಹೆಸರನ್ನು ಬಿಟ್ಟಿದ್ದೇನೆ.

ನಮ್ಮ ಮಕ್ಕಳಲ್ಲಿ ಅನೇಕರ ತಂದೆಯವರು ದಿಂಬಂ ಘಾಟಿ ಇಳಿದು, ಸತ್ಯಮಂಗಲದ ಮೇಲೆ ಹೋಗಿ, ಕೊಯಮತ್ತೂರಿನ ಫೌಂಡ್ರಿಗಳಲ್ಲೋ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲೋ ದುಡಿಯುತ್ತಾರೆ. ಮನೆಯ ಮಾತು ಕನ್ನಡ, ಕೆಲಸದ ಮಾತು ತಮಿಳು. ಕಂಪನಿಗಳಿಂದಲೂ ಬ್ಯಾಂಕುಗಳಿಂದಲೂ ಬರುವ ಕಾಗದಗಳು ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಹೀಗಾಗಿ ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರೇ ಮನೆಯ ಗುಮಾಸ್ತರಾಗಿಬಿಟ್ಟಿದ್ದಾರೆ. ತಂದೆ ಪತ್ರದ ಫೋಟೋ ತೆಗೆದು ಫೋನಿಗೆ ಕಳಿಸುತ್ತಾರೆ. ಮಗಳು ಓದಿ ಅರ್ಥ ಹೇಳುತ್ತಾಳೆ. ಅವಳು ಹೇಳಿದ ಮಾತಿನ ಮೇಲೆ ಹಣ ಹೋಗುವುದೋ ಉಳಿಯುವುದೋ ನಿಶ್ಚಯವಾಗುತ್ತದೆ.

ಈ ಹುಡುಗಿಯ ತಂದೆ ತಿರುಪ್ಪೂರಿನಲ್ಲಿ ಸಣ್ಣ ಸಾಮಾನು ಗಾಡಿಯೊಂದನ್ನು ಓಡಿಸುತ್ತಾರೆ. ಅಲ್ಲಿನವರು ಅದನ್ನು ಪ್ರೀತಿಯಿಂದ ‘ಕುಟ್ಟಿ ಯಾನೆ’, ಅಂದರೆ ಮರಿಯಾನೆ, ಎನ್ನುತ್ತಾರೆ. ನಿಟ್ಟಿಂಗ್‌ನಿಂದ ಡೈಯಿಂಗ್‌ಗೆ, ಡೈಯಿಂಗ್‌ನಿಂದ ಹೊಲಿಗೆಯ ಯೂನಿಟ್ಟಿಗೆ ಬಟ್ಟೆಯ ಉರುಳೆಗಳನ್ನು ಸಾಗಿಸುವುದು ಅದರ ಕೆಲಸ. ಗಾಡಿಯನ್ನು ಕೊಂಡದ್ದು ಎರಡನೆಯ ಕೈಯಿಂದ. ಅದಕ್ಕೆ ಆಗಲೇ ಎಂಟು ವರ್ಷ ವಯಸ್ಸು. ಒಂದು ದಿನ ಅವರ ಕೋಣೆಗೆ ಬಂದ ಲಕೋಟೆಯ ಮೇಲೆ ಕೆಂಪಕ್ಷರದಲ್ಲಿ ‘ಕೊನೆಯ ಸೂಚನೆ’ ಎಂದಿತ್ತು. ಒಳಗಿದ್ದ ಕಾಗದದಲ್ಲಿ ಗಾಡಿಯ ನಂಬರು ಸರಿಯಾಗಿಯೇ ಇತ್ತು. ಮೂಲೆಯಲ್ಲಿ ಸರ್ಕಾರಿ ಕಚೇರಿಯದೆಂಬಂತೆ ಕಾಣುವ ಒಂದು ದುಂಡು ಮುದ್ರೆ. ಅದರ ಸಾರಾಂಶವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: ಮೇಲ್ಕಂಡ ವಾಹನದ ವಾರಂಟಿ ಮುಗಿದಿರುತ್ತದೆ ಅಥವಾ ಮುಗಿಯಲಿದೆ ಎಂದು ಕಂಡುಬಂದಿದೆ, ದಾಖಲೆಗಳ ಪ್ರಕಾರ ತಾವು ಇದುವರೆಗೆ ಪ್ರತಿಕ್ರಿಯಿಸಿರುವುದಿಲ್ಲ, ಏಳು ದಿನಗಳೊಳಗೆ ಸಂಪರ್ಕಿಸದಿದ್ದಲ್ಲಿ ಮುಂದಿನ ದುರಸ್ತಿ ವೆಚ್ಚಗಳಿಗೆ ತಾವೇ ಹೊಣೆಗಾರರಾಗುತ್ತೀರಿ.

ಮಗಳು ಓದಿದಳು, ಅರ್ಥ ಹೇಳಿದಳು. ಕೆಳಗಿದ್ದ ನಂಬರಿಗೆ ತಂದೆ ಫೋನ್ ಮಾಡಿದರು. ಆ ಕಡೆಯವನು ಅಚ್ಚ ಕೊಂಗುನಾಡಿನ ತಮಿಳಿನಲ್ಲಿ, ಮಾತುಮಾತಿಗೂ ‘ಸೊಲ್ಲುಂಗ ಅಣ್ಣಾ’ ಎನ್ನುತ್ತ ಮಾತಾಡಿದನಂತೆ. ಅಷ್ಟು ಮರ್ಯಾದೆ ಕೊಟ್ಟವನನ್ನು ಸಂದೇಹಿಸುವುದು ಹೇಗೆ? 7,500 ರೂಪಾಯಿ ಹೋಯಿತು. ಒಂಬತ್ತು ದಿನಗಳ ಮೇಲೆ ಅವನೇ ಫೋನ್ ಮಾಡಿ, ಜಿ.ಎಸ್.ಟಿ. ಬಾಕಿ ಇದೆ ಎಂದ. ಇನ್ನೂ 2,300 ಹೋಯಿತು. ಮರುದಿನ ಬೆಳಿಗ್ಗೆ ಹುಡುಗಿ ನನ್ನ ಬಳಿ ಬಂದು ಫೋನನ್ನು ಮುಂದೆ ಹಿಡಿದು, “ಸಾರ್, ನಾನೇ ಓದಿ ಹೇಳಿದ್ದು. ಎಲ್ಲಿ ತಪ್ಪು ಓದಿದೆ, ನೋಡಿ ಸಾರ್” ಎಂದಳು.

ನಾನು ಎರಡು ಸಲ ಓದಿದೆ. ಅವಳ ಅನುವಾದದಲ್ಲಿ ಒಂದು ತಪ್ಪೂ ಇರಲಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ, ಪತ್ರದಲ್ಲಿ ಒಂದು ಸುಳ್ಳೂ ಇರಲಿಲ್ಲ!

ವಿದ್ಯಾರ್ಥಿಗಳೇ, ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ‘ಮುಗಿದಿರುತ್ತದೆ ಅಥವಾ ಮುಗಿಯಲಿದೆ’ ಎಂಬ ಮಾತು ವಾರಂಟಿ ಕೊಟ್ಟು ಮಾರಿದ ಯಾವ ವಾಹನಕ್ಕೆ ಅನ್ವಯಿಸುವುದಿಲ್ಲ? ನಿನ್ನೆ ಷೋರೂಮಿನಿಂದ ಬಂದ ಕಾರಿಗೂ ಸರಿ, ಗುಜರಿಗೆ ಹೋಗಲಿರುವ ಗಾಡಿಗೂ ಸರಿ. ‘ತಾವು ಪ್ರತಿಕ್ರಿಯಿಸಿಲ್ಲ’ ಎಂಬುದೂ ನಿಜ. ಯಾರೂ ಏನನ್ನೂ ಕೇಳಿಯೇ ಇರಲಿಲ್ಲ. ವಾರಂಟಿ ಮುಗಿದ ಮೇಲೆ ದುರಸ್ತಿಯ ಖರ್ಚು ಒಡೆಯನದೇ, ಅದೂ ನಿಜ. ‘ಕೊನೆಯ ಸೂಚನೆ’ ಎಂಬುದು ಸಹ ಒಂದರ್ಥದಲ್ಲಿ ನಿಜವೇ. ಅದು ಮೊದಲನೆಯದೂ ಹೌದು, ಕೊನೆಯದೂ ಹೌದು.

ಹಾಗಾದರೆ ಮೋಸ ಎಲ್ಲಿದೆ? ವ್ಯಾಕರಣದ ಪಾಠದಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಓದಿದ್ದೀರಿ. ‘ರಾಮನು ಮರವನ್ನು ಕಡಿದನು’ ಎಂದರೆ ಕಡಿದವನು ಯಾರೆಂದು ಗೊತ್ತು. ‘ಮರವು ಕಡಿಯಲ್ಪಟ್ಟಿತು’ ಎಂದು ನಿಲ್ಲಿಸಿದರೆ ಕಡಿದವನು ಮರೆಯಾದ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಎಂದು ನೀವು ಉದಾಸೀನ ಮಾಡುವ ಈ ವಿಷಯವೇ ಆ ಪತ್ರದ ಬಂಡವಾಳ. ‘ಕಂಡುಬಂದಿದೆ’ ಎಂದರೆ ಯಾರಿಗೆ ಕಂಡುಬಂದಿದೆ? ‘ದಾಖಲೆಗಳ ಪ್ರಕಾರ’ ಎಂದರೆ ಯಾರ ದಾಖಲೆಗಳು? ಇಡೀ ಕಾಗದದಲ್ಲಿ ಬರೆದವನ ಹೆಸರಿಲ್ಲ, ಗಾಡಿ ತಯಾರಿಸಿದ ಕಂಪನಿಯ ಹೆಸರಿಲ್ಲ, ಬಾಗಿಲು ತಟ್ಟಿ ವಿಚಾರಿಸಬಹುದಾದ ಒಂದು ವಿಳಾಸವಿಲ್ಲ. ಇದ್ದದ್ದು ಒಂದು ಮೊಬೈಲ್ ನಂಬರು ಮಾತ್ರ. ಬರೆದಿರುವುದನ್ನು ಅವಳು ಚೆನ್ನಾಗಿ ಓದಿದ್ದಳು. ಬರೆಯದೆ ಬಿಟ್ಟದ್ದನ್ನು ಓದುವುದನ್ನು ನಾವು ಕಲಿಸಿರಲಿಲ್ಲ.

ಇನ್ನು ವಾರಂಟಿ ಎಂದರೇನೆಂಬುದನ್ನು ತಿಳಿಯಬೇಕು. ಹೊಸ ವಾಹನವನ್ನು ಮಾರುವಾಗ ತಯಾರಕರು ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರು, ಯಾವುದು ಮೊದಲೋ ಅದುವರೆಗೆ, ತಯಾರಿಕೆಯ ದೋಷವಿದ್ದರೆ ತಾವೇ ಸರಿಪಡಿಸಿಕೊಡುವುದಾಗಿ ಮಾತು ಕೊಡುತ್ತಾರೆ. ಅದನ್ನು ಹಣ ತೆತ್ತು ಮುಂದಕ್ಕೆ ಬೆಳೆಸಿಕೊಳ್ಳುವುದೂ ಉಂಟು. ಅದು ಮೋಸವಲ್ಲ, ನ್ಯಾಯವಾದ ವ್ಯಾಪಾರವೇ. ಆದರೆ ಅದನ್ನು ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವ ಮೊದಲೇ, ಅಧಿಕೃತ ಡೀಲರರ ಬಳಿ ಕೊಳ್ಳಬೇಕು. ಷಾಸಿ ನಂಬರು ನಮೂದಿಸಿದ ಪತ್ರವನ್ನು ಅವರು ಕೊಡುತ್ತಾರೆ. ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್, ಟೈರು ಮುಂತಾದ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಎಂಟು ವರ್ಷ ಬಟ್ಟೆ ಹೊತ್ತ ಗಾಡಿಗೆ ಬೆಳೆಸಲು ವಾರಂಟಿ ಎಂಬುದೇ ಉಳಿದಿರಲಿಲ್ಲ.

ವಿಮೆ ಬೇರೆಯೇ ವಿಷಯ. ಇನ್ನೊಬ್ಬರಿಗೆ ನಮ್ಮ ವಾಹನದಿಂದಾಗುವ ಹಾನಿಗೆ ವಿಮೆ ಇರಲೇಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ವಾರಂಟಿ ಇಲ್ಲದಿದ್ದರೆ ಯಾವ ಪೊಲೀಸರೂ ಗಾಡಿ ನಿಲ್ಲಿಸುವುದಿಲ್ಲ. ವಿಮೆ ಇಲ್ಲದಿದ್ದರೆ ಮೊದಲ ತಪ್ಪಿಗೇ 2,000 ರೂಪಾಯಿ ದಂಡ ಬೀಳಬಹುದು, ಸೆರೆವಾಸವೂ ಆಗಬಹುದು. ಈ ಎರಡನೆಯದರ ಹೆದರಿಕೆಯನ್ನು ಮೊದಲನೆಯದಕ್ಕೆ ಅಂಟಿಸುವುದೇ ಇಂಥವರ ಜಾಣತನ.

“ಅವರಿಗೆ ನನ್ನ ಗಾಡಿ ನಂಬರು ಹೇಗೆ ಗೊತ್ತಾಯಿತು ಸ್ವಾಮಿ? ಗೊತ್ತಿದ್ದುದರಿಂದಲೇ ನಂಬಿದೆ” ಎಂದು ಆ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ನಂಬರು ಗಾಡಿಯ ಹಿಂದೆ ಮುಂದೆ ಬರೆದೇ ಇರುತ್ತದೆ. 39 ಎಂದಿದ್ದರೆ ತಿರುಪ್ಪೂರು ಉತ್ತರ, 42 ಎಂದಿದ್ದರೆ ತಿರುಪ್ಪೂರು ದಕ್ಷಿಣ ಎಂಬುದು ಬಸ್ ನಿಲ್ದಾಣದ ಹುಡುಗರಿಗೂ ಗೊತ್ತು. ಹೆಸರು, ಫೋನ್ ನಂಬರುಗಳನ್ನು ನಾವೇ ಎಷ್ಟೋ ಕಡೆ ಬರೆದುಕೊಡುತ್ತೇವೆ: ಸರ್ವಿಸ್ ಸ್ಟೇಷನ್ನಿನ ಪುಸ್ತಕದಲ್ಲಿ, ಜವಳಿ ಅಂಗಡಿಯ ಅದೃಷ್ಟ ಕೂಪನ್ನಿನಲ್ಲಿ. ವಾಹನ ನೋಂದಣಿಯ ಮಾಹಿತಿಯನ್ನು ಒಟ್ಟಾಗಿ ಹಣಕ್ಕೆ ಕೊಡುವ ಒಂದು ನೀತಿಯನ್ನು ಕೇಂದ್ರ ಸರ್ಕಾರವೇ 2019ರಲ್ಲಿ ತಂದಿತ್ತು. ಮಾಹಿತಿ ಕೊಟ್ಟದ್ದರಿಂದ ಸುಮಾರು 65 ಕೋಟಿ ರೂಪಾಯಿ ಬಂದಿದೆಯೆಂದು ಆ ವರ್ಷ ಸಂಸತ್ತಿನಲ್ಲಿ ಹೇಳಲಾಯಿತು; 2020ರಲ್ಲಿ ಆ ನೀತಿಯನ್ನು ಕೈಬಿಡಲಾಯಿತು. ಈ ಪತ್ರ ಬರೆದವನಿಗೆ ಮಾಹಿತಿ ಅಲ್ಲಿಂದಲೇ ಸಿಕ್ಕಿತೆಂದು ನಾನು ಹೇಳುತ್ತಿಲ್ಲ. ನಮ್ಮ ನಂಬರು ಬಲ್ಲವನೆಲ್ಲ ನಮ್ಮ ಕಚೇರಿಯವನಲ್ಲ ಎಂದಷ್ಟೇ ಹೇಳಬೇಕಾಗಿದೆ.

ಹಳ್ಳಿಯಿಂದ ಬಂದವರು, ಓದು ಸಾಲದವರು ಮಾತ್ರ ಇಂಥದಕ್ಕೆ ಬೀಳುತ್ತಾರೆಂದು ಯಾರಾದರೂ ನಕ್ಕರೆ ಅದು ತಪ್ಪು. ಈ ವಾರಂಟಿ ಪತ್ರಗಳ, ಕರೆಗಳ ತವರುಮನೆ ಅಮೆರಿಕ. ಅಲ್ಲಿ ಒಂದೇ ತಂಡ 2021ರ ಮೊದಲ ಮೂರು ತಿಂಗಳಲ್ಲಿ 50 ಕೋಟಿಗೂ ಹೆಚ್ಚು ಫೋನ್ ನಂಬರುಗಳಿಗೆ, ಯಂತ್ರದ ಮೂಲಕ, 500 ಕೋಟಿಗೂ ಮೀರಿ ಕರೆಗಳನ್ನು ಮಾಡಿತ್ತು. ಕಾರಿನ ವಾರಂಟಿಯ ವಿಷಯ ಎಂದೇ ಆ ಕರೆಗಳ ಆರಂಭ. ಕಾರೇ ಇಲ್ಲದವರಿಗೂ ಬರುತ್ತಿದ್ದುವಂತೆ. ಅಲ್ಲಿನ ಸಂಪರ್ಕ ಆಯೋಗ 2022ರಲ್ಲಿ ಆ ಕರೆಗಳನ್ನು ತಡೆಯಲು ಟೆಲಿಫೋನ್ ಕಂಪನಿಗಳಿಗೆ ಆಜ್ಞೆ ಮಾಡಿ, 2023ರ ಆಗಸ್ಟಿನಲ್ಲಿ ಆ ತಂಡಕ್ಕೆ ಸುಮಾರು 30 ಕೋಟಿ ಡಾಲರ್ ದಂಡ ಹಾಕಿತು. ತಿರುಪ್ಪೂರಿನಲ್ಲಿಯೇ 2008-09ರ ಸುಮಾರಿಗೆ ಫಾರೆಕ್ಸ್ ವ್ಯಾಪಾರದ ಹೆಸರಿನಲ್ಲಿ ನೂರಾರು ಕೋಟಿ ಕಳೆದುಕೊಂಡವರಲ್ಲಿ ವಿದ್ಯಾವಂತರಿಗೇನೂ ಕೊರತೆಯಿರಲಿಲ್ಲ.

ನಮ್ಮಲ್ಲಿ ಇದೇ ಜಾತಿಯ ಮೋಸ ಹಲವು ವೇಷಗಳಲ್ಲಿ ಬರುತ್ತದೆ. ಪ್ರಸಿದ್ಧ ಕಂಪನಿಯ ಹೆಸರಿನಲ್ಲಿ ಅಂಚೆಯ ಮೂಲಕ ಕೆರೆಯುವ ಕಾರ್ಡು ಬಂದು, ಕಾರು ಬಹುಮಾನವಾಗಿ ಬಂದಿದೆ, ಮೊದಲು ತೆರಿಗೆ ಕಟ್ಟಿ ಎನ್ನುವುದು ಒಂದು. ತೆರಿಗೆ ಸರ್ಕಾರದ ಖಾತೆಗೆ ಹೋಗುವಂಥದು, ಯಾರೋ ಒಬ್ಬನ ಸ್ವಂತ ಖಾತೆಗಲ್ಲ. ಮುರಿದುಬಿದ್ದ ವಿಮೆಗೆ ಬೋನಸ್ ಬಂದಿದೆಯೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ಹೆಸರಿನಲ್ಲಿ ಕರೆ ಮಾಡುವುದು ಇನ್ನೊಂದು. ತಾನು ವಿಮೆ ಮಾರುವುದೂ ಇಲ್ಲ, ಬೋನಸ್ ಹಂಚುವುದೂ ಇಲ್ಲ ಎಂದು ಆ ಪ್ರಾಧಿಕಾರ ಪದೇ ಪದೇ ಪ್ರಕಟಿಸಿದೆ. ಸಂಚಾರ ದಂಡದ ಚಲನ್ ಎಂದು ವಾಟ್ಸಾಪಿನಲ್ಲಿ ಬರುವ ಫೈಲನ್ನು ಒತ್ತಿದರಂತೂ ಫೋನೇ ಕಳ್ಳನ ಕೈಗೆ ಹೋದೀತು. ಚಲನ್ ಇದೆಯೋ ಇಲ್ಲವೋ ಎಂಬುದನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನಾವೇ ಹೋಗಿ ನೋಡಬೇಕು.

ಬ್ಯಾಂಕು, ವಿಮೆ ಮೊದಲಾದ ಸಂಸ್ಥೆಗಳ ಸೇವೆಯ ಕರೆಗಳಿಗೆ 1600ರಿಂದಲೂ ಪ್ರಚಾರದ ಕರೆಗಳಿಗೆ 140ರಿಂದಲೂ ಆರಂಭವಾಗುವ ನಂಬರುಗಳನ್ನು ಸರ್ಕಾರ ಗೊತ್ತುಮಾಡಿದೆ. ಸಾಧಾರಣ ಹತ್ತಂಕಿಯ ಮೊಬೈಲಿನಿಂದ ಯಾರಾದರೂ ವಿಮೆ ಮಾರಲು ಬಂದರೆ ಅಷ್ಟರಿಂದಲೇ ಎಚ್ಚರವಾಗಬಹುದು. ಪ್ರಚಾರದ ಕರೆಗಳೇ ಬೇಡವೆನ್ನುವವರು 1909ಕ್ಕೆ ಫೋನ್ ಮಾಡಿ ನೋಂದಾಯಿಸಿಕೊಳ್ಳಬಹುದು. ಆದರೆ ಕಳ್ಳನು ನಿಮ್ಮ ನೋಂದಣಿಯನ್ನು ನೋಡಿ ಕರೆ ಮಾಡುವವನಲ್ಲ. ಇದರಿಂದ ನಿಲ್ಲುವುದು ಸಾಚಾ ವ್ಯಾಪಾರಿಗಳ ಕಾಟವಷ್ಟೆ.

ಆ ಬೆಳಿಗ್ಗೆ ನಾವು ಮಾಡಿದ ಕೆಲಸ ಇಷ್ಟು. ತಂದೆಯನ್ನು ಫೋನಿನಲ್ಲಿ ಹಿಡಿದು, ಅವರ ಕೈಯಿಂದಲೇ 1930 ಎಂಬ ಸೈಬರ್ ಅಪರಾಧದ ಸಹಾಯವಾಣಿಗೆ ಕರೆ ಮಾಡಿಸಿದೆವು. ಹಣ ಹೋದ ದಿನ, ಗಂಟೆ, ಮೊತ್ತ, ವ್ಯವಹಾರದ ಸಂಖ್ಯೆ ಇವನ್ನು ಅಲ್ಲಿ ಕೇಳುತ್ತಾರೆ. ಮೊದಲೇ ಬರೆದಿಟ್ಟುಕೊಂಡಿದ್ದರೆ ಒಳ್ಳೆಯದು. ಅವರು ಹಣ ಹೋದ ಜಾಡು ಹಿಡಿದು, ಅದಿನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ ಬ್ಯಾಂಕಿನವರಿಂದ ತಡೆಹಿಡಿಸುತ್ತಾರೆ. ಒಂಬತ್ತು ದಿನ ಹಿಂದೆ ಹೋದ 7,500 ಸಿಕ್ಕಲಿಲ್ಲ. ಹಿಂದಿನ ಸಂಜೆ ಹೋಗಿದ್ದ 2,300 ಒಂದು ಖಾತೆಯಲ್ಲಿ ಸಿಕ್ಕಿಬಿದ್ದಿತ್ತು. ಅದು ಕೈಗೆ ಬರಲು ಇನ್ನೂ ಅಲೆದಾಟವಿದೆ. ಒಂಬತ್ತು ದಿನಕ್ಕೂ ಒಂದು ರಾತ್ರಿಗೂ ಇರುವ ವ್ಯತ್ಯಾಸ ಅದು. ನಾಚಿಕೆಯಿಂದ ಸುಮ್ಮನಿರುವವರೇ ಹೆಚ್ಚು. ಈ ಮನೆಯಲ್ಲಿಯೂ ತಂದೆ ಹೆಂಡತಿಗೆ ಸಹ ಹೇಳಿರಲಿಲ್ಲ. ಹುಡುಗಿ ನನ್ನ ಬಳಿ ಬರದಿದ್ದರೆ ಮೂರನೆಯ ಕರೆಯೂ ಬರುತ್ತಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ವ್ಯಾಪಾರದಲ್ಲಿ ಬೇರೆ ಬಗೆಯ ಅನ್ಯಾಯವಾದರೆ, ಅಂದರೆ ನಿಜವಾದ ಡೀಲರೇ ಹಣ ಪಡೆದು ವಾರಂಟಿಯ ಕೆಲಸ ಮಾಡಿಕೊಡದಿದ್ದರೆ, 1915 ಎಂಬ ಗ್ರಾಹಕ ಸಹಾಯವಾಣಿ ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಆ ಹುಡುಗಿ ಈಗ ಪತ್ರ ಬಂದಾಗ ಮೊದಲು ಕರ್ತೃಪದವನ್ನು ಹುಡುಕುತ್ತಾಳೆ. ಪತ್ರದಲ್ಲಿ ಕೊಟ್ಟಿರುವ ನಂಬರಿಗೆ ಫೋನ್ ಮಾಡಬಾರದು, ಹಳೆಯ ಪಾಲಿಸಿಯ ಕಾಗದದ ಮೇಲಿರುವ ನಂಬರಿಗೋ ನಮಗೆ ಗೊತ್ತಿರುವ ಶಾಖೆಗೋ ಮಾಡಬೇಕು ಎಂಬುದನ್ನೂ ಕಲಿತಿದ್ದಾಳೆ. ಕಳೆದ ತಿಂಗಳು ಗಾಡಿಯ ವಿಷಯವಾಗಿಯೇ ಮತ್ತೊಂದು ಪತ್ರ ಬಂತು. ವಿಮೆಯ ಅವಧಿ ಮುಗಿಯುತ್ತಿದೆ ಎಂದಿತ್ತು. ತಂದೆ ಇದೂ ಅಂಥದೇ ಎಂದು ಹರಿದುಹಾಕಲು ಹೊರಟಿದ್ದರು. ಮಗಳು ತಡೆದು, ಬೀರುವಿನಲ್ಲಿದ್ದ ಹಳೆಯ ಪಾಲಿಸಿಯನ್ನು ತಾಯಿಯಿಂದ ತೆಗೆಸಿ, ಅದರಲ್ಲಿದ್ದ ಶಾಖೆಯ ನಂಬರಿಗೆ ಫೋನ್ ಮಾಡಿ ವಿಚಾರಿಸಿದಳು. ಪತ್ರ ನಿಜವಾದದ್ದೇ ಆಗಿತ್ತು. ಅವಧಿ ಮುಗಿಯಲು ಹನ್ನೊಂದು ದಿನ ಉಳಿದಿತ್ತು; ಮರುದಿನ ತಂದೆ ಶಾಖೆಗೆ ಹೋಗಿ ಹಣ ಕಟ್ಟಿ ರಶೀದಿ ತಂದರು.